ವಾಂತಿಭೇದಿಯ ವೈರಸ್‌ಗಳು: ಮನೆಯೊಳಗೆ ಹರಡುವ ಬಗೆ ಮತ್ತು ತಡೆ

ಜಠರಕ್ಕೂ ಸಣ್ಣಕರುಳಿಗೂ ತಗಲಿ ವಾಂತಿ, ನೀರುಭೇದಿ, ಹೊಟ್ಟೆನುಲಿತ, ಸಣ್ಣ ಜ್ವರ ತರುವ ವೈರಸ್‌ಗಳು ಹಲವು. ಇವುಗಳಲ್ಲಿ ನೋರೋವೈರಸ್ ಮತ್ತು ರೋಟಾವೈರಸ್ ಮುಖ್ಯವಾದವು. ಆಸ್ಟ್ರೋವೈರಸ್, ಸಪೋವೈರಸ್ ಮತ್ತು ಅಡಿನೋವೈರಸ್‌ನ ಕೆಲವು ಬಗೆಗಳು ಅನಂತರದವು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಶುರುವಾದರೆ ಹಿಂದಿನ ದಿನದ ಹೋಟೆಲ್ ಊಟದ ಮೇಲೋ ಮದುವೆಮನೆಯ ಸಿಹಿಯ ಮೇಲೋ ಗುಮಾನಿ ಹೋಗುವುದು ವಾಡಿಕೆ. ಊಟವೇ ಕಾರಣವಾಗಿದ್ದರೆ ಒಟ್ಟಿಗೆ ಉಂಡವರು ಹೆಚ್ಚುಕಡಿಮೆ ಒಟ್ಟಿಗೇ ಮಲಗುತ್ತಾರೆ. ಒಬ್ಬರು ಎದ್ದು ಓಡಾಡುವ ಹೊತ್ತಿಗೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು ಎಂಬಂತೆ ಒಂದೆರಡು ದಿನಗಳ ಅಂತರದಲ್ಲಿ ಕಾಯಿಲೆ ಬೀಳುತ್ತಿದ್ದರೆ, ವೈರಸ್ ರೋಗಿಯಿಂದ ಆರೈಕೆಯವರಿಗೆ, ಅವರಿಂದ ಮಿಕ್ಕವರಿಗೆ ದಾಟುತ್ತಿದೆಯೆಂದು ತಿಳಿಯಬೇಕು. ಈ ದಾಟುವಿಕೆಯನ್ನು ಮನೆಮಂದಿಯೇ ಬಹುಮಟ್ಟಿಗೆ ತಡೆಯಬಲ್ಲರು. ಆದರೆ ಬಳಕೆಯಲ್ಲಿರುವ ಕ್ರಮ ತಿರುವುಮುರುವಾಗಿದೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಾರೆ, ವಾಂತಿಯಾದ ನೆಲವನ್ನು ಬಟ್ಟೆಯಿಂದ ಒರೆಸಿ ಬಿಡುತ್ತಾರೆ. ಕೈಯಿಂದ ವೈರಸ್ಸನ್ನು ತೊಳೆದು ಕಳಿಸಬೇಕು, ನೆಲದ ಮೇಲಿನದನ್ನು ತೆಗೆದು ಉಳಿದದ್ದನ್ನು ಕ್ಲೋರಿನ್ನಿನಿಂದ ಕೊಲ್ಲಬೇಕು ಎಂಬುದು ಕಳೆದ ಐದು ದಶಕಗಳ ಸಾಕ್ಷ್ಯಗಳಿಂದ ಹೊರಡುವ ತೀರ್ಮಾನ.

ಪತ್ತೆಯ ಚರಿತ್ರೆ

1968ರ ಅಕ್ಟೋಬರಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳು ಮತ್ತು ಶಿಕ್ಷಕರಲ್ಲಿ ಅರ್ಧದಷ್ಟು ಮಂದಿ ಒಂದೆರಡು ದಿನಗಳಲ್ಲೇ ವಾಂತಿಭೇದಿಗೆ ಸಿಕ್ಕಿದರು. ಮನೆಯೊಳಗಿನ ಹರಡಿಕೆಯ ದೃಷ್ಟಿಯಿಂದ ಆ ತನಿಖೆಯ ಇನ್ನೊಂದು ಅಂಕಿ ಹೆಚ್ಚು ಮುಖ್ಯ: ಶಾಲೆಯ ಮೆಟ್ಟಿಲು ಹತ್ತದ ಮನೆಯವರಲ್ಲೂ ಶೇ. 32ರಷ್ಟು ಮಂದಿಗೆ ಅನಂತರದ ದಿನಗಳಲ್ಲಿ ಅದೇ ಕಾಯಿಲೆ ಬಂತು. ಬ್ಯಾಕ್ಟೀರಿಯಾ ಯಾವುದೂ ಪತ್ತೆಯಾಗಲಿಲ್ಲ. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಮತ್ತು ಸಂಗಡಿಗರು ಆ ಊರಿನ ಮಾದರಿಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಸುಮಾರು 27 ನ್ಯಾನೊಮೀಟರ್ ಅಳತೆಯ ಕಣಗಳನ್ನು ಗುರುತಿಸಿದರು. ನೋರೋವೈರಸ್ ಗುಂಪಿನ ಮೊದಲ ಸದಸ್ಯ ಅದು. ಮರುವರ್ಷ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ತಂಡದವರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಪೊರೆಯಲ್ಲಿ ರೋಟಾವೈರಸ್ಸನ್ನು ಕಂಡರು. ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು ಇಲ್ಲಿನ ನವಜಾತ ಶಿಶುಗಳಲ್ಲಿ ದೊರೆತ ಐ321 ಎಂಬ ರೋಟಾವೈರಸ್ ತಳಿಯನ್ನು ಅಭ್ಯಾಸ ಮಾಡಿದರು; ಅದರ ಹೊರಮೈ ಪ್ರೋಟೀನುಗಳು ದನಗಳ ರೋಟಾವೈರಸ್ಸಿನವನ್ನು ಬಹಳವಾಗಿ ಹೋಲುತ್ತಿದ್ದವು. ಆ ಕೂಸುಗಳಿಗೆ ಭೇದಿ ಇರಲಿಲ್ಲ, ಆದರೂ ಮಲದಲ್ಲಿ ವೈರಸ್ ಇತ್ತು. ಕಾಯಿಲೆಯ ಲಕ್ಷಣ ಇಲ್ಲದವರೂ ವೈರಸ್ ಹೊರಹಾಕಬಲ್ಲರು ಎಂಬ ಈ ಸಂಗತಿ ಮನೆಯ ಎಚ್ಚರಿಕೆಗೆ ನೇರವಾಗಿ ಸಂಬಂಧಿಸಿದ್ದು.

ವೈರಸ್ಸಿನ ಸ್ವಭಾವ

ಕೋವಿಡ್ ತರುವ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇದೆ. ಸೋಪು ಮತ್ತು ಆಲ್ಕೊಹಾಲ್ ಆ ಪೊರೆಯನ್ನು ಕರಗಿಸಿದೊಡನೆ ವೈರಸ್ ನಿರುಪಯೋಗಿ. 2020ರಿಂದ ಮನೆಮನೆಗೆ ಬಂದ ಸ್ಯಾನಿಟೈಸರ್ ಬಾಟಲಿಯ ಮೇಲಿನ ನಂಬಿಕೆಗೆ ಆಧಾರ ಇದೇ. ನೋರೋ ಮತ್ತು ರೋಟಾ ವೈರಸ್‌ಗಳಿಗೆ ಅಂಥ ಪೊರೆಯೇ ಇಲ್ಲ. ಹೊರಗಿರುವುದು ಬಿಗಿಯಾದ ಪ್ರೋಟೀನ್ ಕವಚ. ರೋಟಾವೈರಸ್ಸಿಗಂತೂ ಮೂರು ಪದರದ್ದು. ಜಠರದ ಆಮ್ಲವನ್ನೇ ದಾಟಿ ಕರುಳು ಸೇರಬೇಕಾದ ಜೀವಿಗೆ ಈ ಗಟ್ಟಿತನ ಬೇಕೇಬೇಕು. ಹೀಗಾಗಿ ಇವು ಒಣಗಿದ ನೆಲ, ಬಾಗಿಲ ಚಿಲಕ, ನಲ್ಲಿಯ ತಿರುಪು, ಹಾಸಿಗೆಬಟ್ಟೆಗಳ ಮೇಲೆ ದಿನಗಟ್ಟಲೆ ಉಳಿಯುತ್ತವೆ. ರೋಟಾವೈರಸ್ ಆಲ್ಕೊಹಾಲಿಗೆ ಸ್ವಲ್ಪ ಮಟ್ಟಿಗೆ ಮಣಿಯುತ್ತದೆ, ನೋರೋವೈರಸ್ ಅಷ್ಟಾಗಿ ಮಣಿಯುವುದಿಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನೂ ನೋರೋವೈರಸ್ ತಾಳಿಕೊಳ್ಳಬಲ್ಲದು. ಕುದಿಯುವ ನೀರಿನಲ್ಲಿ ಮಾತ್ರ ಉಳಿಯದು.

ಗಟ್ಟಿತನದ ಜೊತೆಗೆ ಲೆಕ್ಕದ ಬಲವೂ ಇವಕ್ಕಿದೆ. ರೋಗಿಯ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ವೈರಸ್ ಕಣಗಳಿರಬಹುದು. ಹೊಸಬರೊಬ್ಬರಿಗೆ ಸೋಂಕು ತಗಲಲು ಹತ್ತಿಪ್ಪತ್ತು ಕಣಗಳಿಂದ ನೂರರಷ್ಟು ಕಣಗಳು ಸಾಕಾಗಬಹುದು. ಅಂದರೆ ಕಣ್ಣಿಗೆ ಶುದ್ಧವಾಗಿ ಕಾಣುವ ಕೈಯಲ್ಲೂ ಮನೆಮಂದಿಗೆಲ್ಲ ಹಂಚುವಷ್ಟು ವೈರಸ್ ಇರುತ್ತದೆ. ಸೋಂಕು ತಗಲಿದ 12ರಿಂದ 48 ಗಂಟೆಗಳಲ್ಲಿ ನೋರೋವೈರಸ್ ಕಾಯಿಲೆ ಕಾಣಿಸಿಕೊಂಡು, ಒಂದರಿಂದ ಮೂರು ದಿನ ಇದ್ದು ಹೋಗುತ್ತದೆ. ಮಲದಲ್ಲಿ ವೈರಸ್ ಹೋಗುವುದು ಮಾತ್ರ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮುಂದುವರಿಯುತ್ತದೆ. ರೋಟಾವೈರಸ್ ಸುಮಾರು ಎರಡು ದಿನಗಳಲ್ಲಿ ಹೊರಬಿದ್ದು ಮೂರರಿಂದ ಎಂಟು ದಿನ ಮಗುವನ್ನು ಕಾಡುತ್ತದೆ.

ದಾಟುವ ಮೂರು ಘಳಿಗೆಗಳು

ಇಷ್ಟು ಗಟ್ಟಿಯಾದ, ಇಷ್ಟು ಹೇರಳವಾದ ವೈರಸ್ಸಿನೆದುರು ಇಡೀ ಮನೆಯನ್ನು ಶುದ್ಧ ಮಾಡಹೊರಡುವುದು ಸೋಲುವ ದಾರಿ. ಹಾಗೆ ಮಾಡಬೇಕಾಗಿಯೂ ಇಲ್ಲ, ಏಕೆಂದರೆ ದಾಟುವಿಕೆ ಎಲ್ಲ ಕಡೆ ಒಂದೇ ಸಮನೆ ನಡೆಯುವುದಿಲ್ಲ. ಮೊದಲನೆಯದು ವಾಂತಿಯ ಘಳಿಗೆ. 1998ರಲ್ಲಿ ಇಂಗ್ಲೆಂಡಿನ ಹೋಟೆಲೊಂದರಲ್ಲಿ 126 ಮಂದಿ ಊಟಕ್ಕೆ ಕುಳಿತಿದ್ದಾಗ ಒಬ್ಬರು ಕುಳಿತಲ್ಲೇ ವಾಂತಿ ಮಾಡಿಕೊಂಡರು. ಅನಂತರ ಲೆಕ್ಕ ತೆಗೆದಾಗ ಅದೇ ಮೇಜಿನವರಲ್ಲಿ ಶೇ. 91 ಮಂದಿಗೆ ಕಾಯಿಲೆ ಬಂದಿತ್ತು. ಮೇಜುಗಳು ದೂರವಾದಂತೆ ಪ್ರಮಾಣ ಇಳಿಯುತ್ತ ಹೋಗಿ, ತೀರ ಆಚೆಯ ಮೇಜಿನಲ್ಲಿ ಶೇ. 25ಕ್ಕೆ ನಿಂತಿತ್ತು. ಉಂಡ ಅಡುಗೆ ಕಾರಣವಾಗಿದ್ದರೆ ದೂರಕ್ಕೆ ತಕ್ಕಂತೆ ಹೀಗೆ ಇಳಿಯಬೇಕಾಗಿರಲಿಲ್ಲ. ವಾಂತಿಯ ರಭಸಕ್ಕೆ ಎದ್ದ ಸಣ್ಣ ಹನಿಗಳು ಗಾಳಿಯಲ್ಲಿ ಸಾಗಿ ಸುತ್ತಲಿನವರ ಬಾಯಿಗೂ ತಟ್ಟೆಗೂ ಇಳಿದಿದ್ದವು ಎಂಬುದೇ ಒಪ್ಪುವ ವಿವರಣೆ.

2010ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಬಾಲಕಿಯರ ಫುಟ್‌ಬಾಲ್ ತಂಡವೊಂದು ಪಂದ್ಯಕ್ಕೆಂದು ಹೊರಊರಿಗೆ ಹೋಗಿತ್ತು. ಒಬ್ಬಳಿಗೆ ರಾತ್ರಿ ವಾಂತಿಭೇದಿ ಶುರುವಾಗಿ ಅವಳು ಬಚ್ಚಲುಮನೆಗೆ ಓಡಿದಳು. ತಂಡದ ತಿಂಡಿಯ ಕೈಚೀಲ ಅಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಮರುದಿನ ಊರಿಗೆ ಮರಳಿಯೂ ಬಿಟ್ಟಳು. ಆ ಚೀಲದೊಳಗಿನ ಬಿಸ್ಕತ್ತು ತಿಂದ ಗೆಳತಿಯರು ಕಾಯಿಲೆ ಬಿದ್ದರು. ಎರಡು ವಾರಗಳ ಮೇಲೆ ಪರೀಕ್ಷಿಸಿದಾಗಲೂ ಚೀಲದ ಪಕ್ಕಗಳ ಮೇಲೆ ನೋರೋವೈರಸ್ ಸಿಕ್ಕಿತು. ರೋಗಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿದರೆ ಸಾಲದು, ವಾಂತಿಯಾಗುವ ಜಾಗದಲ್ಲಿ ತೆರೆದಿಟ್ಟ ಪದಾರ್ಥಗಳೂ ಇರಬಾರದು ಎಂಬುದು ಈ ಪ್ರಕರಣದಿಂದ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಇದರ ಅರ್ಥ ಸರಳ. ಬಚ್ಚಲಿನಲ್ಲಿರುವ ಹಲ್ಲುಜ್ಜುವ ಬ್ರಷ್ಷುಗಳು, ಮನೆಮಂದಿಯೆಲ್ಲ ಕೈಯೊರಸುವ ಟವೆಲು, ಮಗುವಿನ ಹಾಲಿನ ಬಾಟಲಿ ಇವನ್ನು ಮೊದಲ ವಾಂತಿಯಾದೊಡನೆ ಹೊರಗೆ ಸಾಗಿಸಬೇಕು. ಕಮೋಡಿಗೆ ಮುಚ್ಚಳವಿದ್ದರೆ ಮುಚ್ಚಿ ನೀರು ಬಿಡಬೇಕು.

ಎರಡನೆಯ ಘಳಿಗೆ ಆರೈಕೆಯದು. ಬಹುಪಾಲು ಮನೆಗಳಲ್ಲಿ ಮಗುವಿನ ಕುಂಡೆ ತೊಳೆಯುವವರೂ ಅನ್ನಕ್ಕೆ ಅಕ್ಕಿ ತೊಳೆಯುವವರೂ ಒಬ್ಬರೇ, ಹೆಚ್ಚಾಗಿ ತಾಯಿ ಅಥವಾ ಅಜ್ಜಿ. ಈ ಎರಡು ಕೆಲಸಗಳ ನಡುವಿನ ಕೈತೊಳೆತವೇ ಇಡೀ ತಡೆಯ ನಡುಗಂಬ. ಮೂರನೆಯದು ಚೇತರಿಕೆಯ ಘಳಿಗೆ. ವಾಂತಿ ನಿಂತು ಮೈ ಹಗುರಾದವರು ತಕ್ಷಣ ಅಡುಗೆಗೆ ಇಳಿಯುವುದು, ಬಡಿಸಲು ನಿಲ್ಲುವುದು ಸಹಜ. ಆದರೆ ಆ ಹೊತ್ತಿನಲ್ಲಿ ಮಲದಲ್ಲಿ ವೈರಸ್ ಇನ್ನೂ ಹೇರಳವಾಗಿರುತ್ತದೆ. ಲಕ್ಷಣಗಳು ನಿಂತ ಮೇಲೂ ಕನಿಷ್ಠ 48 ಗಂಟೆ ಅಡುಗೆ, ಬಡಿಸುವಿಕೆ ಮತ್ತು ಶಾಲೆ ಬೇಡವೆಂಬ ಆರೋಗ್ಯ ಇಲಾಖೆಗಳ ಸಲಹೆಗೆ ಇದೇ ಕಾರಣ.

ಕೈಗೆ ಸೋಪು ಮತ್ತು ನೀರು

ಕೈಯ ಮೇಲಿನ ವೈರಸ್ಸನ್ನು ಕೊಲ್ಲುವ ಅಗತ್ಯವಿಲ್ಲ, ಅದು ಮೋರಿ ಸೇರಿದರೆ ಸಾಕು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೆರಳುಗಳಿಗೆ ನೋರೋವೈರಸ್ ಹಚ್ಚಿ ಬೇರೆ ಬೇರೆ ರೀತಿಯಲ್ಲಿ ಶುದ್ಧ ಮಾಡಿ ನೋಡಿದಾಗ, ಬರಿಯ ನೀರಿನಲ್ಲಿ ತೊಳೆದದ್ದು ಕೂಡ ಆಲ್ಕೊಹಾಲ್ ಸ್ಯಾನಿಟೈಸರಿಗಿಂತ ಹೆಚ್ಚು ವೈರಸ್ ತೆಗೆದುಹಾಕಿತ್ತು. ಸೋಪು ಜಿಡ್ಡನ್ನು ಸಡಿಲಿಸುತ್ತದೆ, ಉಜ್ಜುವಿಕೆ ಕಣಗಳನ್ನು ಚರ್ಮದಿಂದ ಕೀಳುತ್ತದೆ, ಹರಿಯುವ ನೀರು ಅವನ್ನು ಒಯ್ಯುತ್ತದೆ. ದುಬಾರಿ ‘ಕೀಟಾಣುನಾಶಕ’ ಸೋಪಿನ ಅಗತ್ಯವೂ ಇಲ್ಲ. ಕರಾಚಿಯ ಕೊಳೆಗೇರಿಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸೋಪು ಕೊಟ್ಟು ಕೈತೊಳೆಯುವ ರೂಢಿ ಮಾಡಿಸಿದ ಮನೆಗಳ ಮಕ್ಕಳಲ್ಲಿ ಭೇದಿ ಸರಿಸುಮಾರು ಅರ್ಧಕ್ಕಿಳಿಯಿತು. ಸಾದಾ ಸೋಪಿಗೂ ಕೀಟಾಣುನಾಶಕ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಎಣಿಸಿದ್ದು ಎಲ್ಲ ಕಾರಣಗಳ ಭೇದಿಯನ್ನು, ವೈರಸ್ಸಿನದನ್ನು ಮಾತ್ರವಲ್ಲ. ಆದರೂ ಪೈಪಿನ ನೀರು, ಮೋರಿ ವ್ಯವಸ್ಥೆ ಸುಧಾರಿಸದ ಬಡ ಮನೆಗಳಲ್ಲೂ ಕೈಯೊಂದನ್ನು ತೊಳೆದರೆ ಇಷ್ಟು ಫಲವಿದೆ ಎಂಬುದು ಗಮನಿಸತಕ್ಕದ್ದು.

ತೊಳೆಯುವ ರೀತಿಯಲ್ಲಿ ಎರಡು ಅಂಶಗಳು ಮುಖ್ಯ. ಅಂಗೈ, ಹಿಂಗೈ, ಬೆರಳಸಂದು, ಹೆಬ್ಬೆರಳು, ಉಗುರಿನ ಬುಡ ಎಲ್ಲವನ್ನೂ ಸುಮಾರು ಇಪ್ಪತ್ತು ಸೆಕೆಂಡು ಉಜ್ಜಬೇಕು. ಉದ್ದ ಉಗುರು, ಬಿಗಿ ಉಂಗುರಗಳ ಕೆಳಗೆ ವೈರಸ್ ಉಳಿದುಬಿಡುತ್ತದೆ. ನೀರು ಮೇಲಿನಿಂದ ಬೀಳಬೇಕು. ಬಕೆಟ್ಟಿನ ನೀರಿನೊಳಗೇ ಕೈ ಅದ್ದಿ ಎತ್ತಿದರೆ ಮುಂದಿನವರಿಗೆ ಆ ಬಕೆಟ್ಟೇ ಸೋಂಕಿನ ಮೂಲ. ನಲ್ಲಿಯಿಲ್ಲದಿದ್ದರೆ ಇನ್ನೊಬ್ಬರು ಚೊಂಬಿನಿಂದ ನೀರು ಹೊಯ್ಯಬಹುದು. ಶೌಚದ ಅನಂತರ ನೀರು ಬಳಸುವ ನಮ್ಮ ಪದ್ಧತಿಯಲ್ಲಿ ಎಡಗೈ ಮಲಿನವಾಗುತ್ತದೆ, ಬಲಗೈ ಚೊಂಬು ಹಿಡಿಯುತ್ತದೆ ಎಂದು ತಿಳಿಯುತ್ತೇವೆ. ವಾಸ್ತವದಲ್ಲಿ ಚೊಂಬಿನ ಹಿಡಿ, ನಲ್ಲಿಯ ತಿರುಪು, ಕೈಪೈಪಿನ ಗುಂಡಿ, ಒಳಗಿನ ಚಿಲಕ ಇವೆಲ್ಲ ಕೈತೊಳೆಯುವ ಮೊದಲೇ ಮುಟ್ಟುವ ಜಾಗಗಳು. ಮನೆಯಲ್ಲಿ ಕಾಯಿಲೆಯಿರುವಷ್ಟು ದಿನ ದಿನಕ್ಕೆ ಎರಡು ಸಲವಾದರೂ ಶುದ್ಧ ಮಾಡಬೇಕಾದವು ಇವೇ. ಸ್ಯಾನಿಟೈಸರ್ ನೀರಿಲ್ಲದ ದಾರಿಯಲ್ಲಿ ಇಲ್ಲದುದಕ್ಕಿಂತ ವಾಸಿ. ಮನೆಯಲ್ಲಿ ಅದು ಸೋಪಿನ ಜಾಗ ತುಂಬಲಾರದು.

ನೆಲಕ್ಕೆ ಕ್ಲೋರಿನ್

ನೆಲದ ಮಾತು ಬೇರೆ. ಅಲ್ಲಿನ ವೈರಸ್ಸನ್ನು ಹರಿಯುವ ನೀರಿನಲ್ಲಿ ಮೋರಿಗೆ ಸಾಗಿಸುವುದು ಎಲ್ಲ ಕೋಣೆಗಳಲ್ಲಿ ಆಗದ ಮಾತು, ಬಟ್ಟೆಯಿಂದ ಒರೆಸುವುದೇ ಗತಿ. ಬ್ರಿಟನ್ನಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಾರ್ಜಕದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೂ ನೋರೋವೈರಸ್ ಉಳಿದಿತ್ತು. ಅದೇ ಬಟ್ಟೆ ಅದನ್ನು ಒರೆಸಿದವರ ಕೈಗೂ ಶುದ್ಧವಾಗಿದ್ದ ಬೇರೆ ಜಾಗಗಳಿಗೂ ಹಂಚಿತು. ಮಲಿನ ಬೆರಳೊಂದು ಸಾಲಾಗಿ ಏಳು ಶುದ್ಧ ಜಾಗಗಳಿಗೆ ವೈರಸ್ ದಾಟಿಸಬಲ್ಲದೆಂದೂ ಅವರು ತೋರಿಸಿದರು. ಮಾರ್ಜಕದಿಂದ ತೊಳೆದ ಮೇಲೆ ಕ್ಲೋರಿನ್ ದ್ರವ ಬಳಸಿದಾಗ ವೈರಸ್ ತೊಲಗಿತು. ಅಡುಗೆಕಟ್ಟೆ, ಊಟದ ಮೇಜು, ನೆಲ ಎಲ್ಲಕ್ಕೂ ಒಂದೇ ಒರೆಸುವ ಬಟ್ಟೆ ತಿರುಗುವ ಮನೆಯಲ್ಲಿ ಏನಾಗುತ್ತದೆಂದು ಇದರಿಂದ ಊಹಿಸಬಹುದು. ಫಿನೈಲಿನ ಘಾಟು ಮೂಗಿಗೆ ಹೊಡೆದೊಡನೆ ಶುದ್ಧವಾಯಿತೆಂದು ಸಮಾಧಾನವಾಗುತ್ತದಾದರೂ ಈ ವೈರಸ್‌ಗಳ ಮಟ್ಟಿಗೆ ಆ ವಾಸನೆಯನ್ನು ನಂಬುವಂತಿಲ್ಲ.

ನಮ್ಮಲ್ಲಿ ಸುಲಭವಾಗಿ ಸಿಗುವ ಕ್ಲೋರಿನ್ ಮೂಲ ಬ್ಲೀಚಿಂಗ್ ಪುಡಿ. ಹೊಸ ಪುಡಿಯಲ್ಲಿ ಸುಮಾರು ಶೇ. 30ರಷ್ಟು ಕ್ಲೋರಿನ್ ಇರುತ್ತದೆ. ಲೀಟರ್ ನೀರಿಗೆ 4 ಗ್ರಾಂ, ಅಂದರೆ ಒಂದು ಟೀ ಚಮಚ ಪುಡಿ ಹಾಕಿದರೆ ಲೀಟರಿಗೆ ಸುಮಾರು 1.2 ಗ್ರಾಂ ಕ್ಲೋರಿನ್ ದೊರೆಯುತ್ತದೆ. ಚಿಲಕ, ನಲ್ಲಿ, ಶೌಚದ ನೆಲಕ್ಕೆ ಇದು ಸಾಕು. ವಾಂತಿ, ಭೇದಿ ಬಿದ್ದ ಜಾಗಕ್ಕೆ ನಾಲ್ಕೈದು ಪಟ್ಟು ಗಟ್ಟಿಯಾದ ದ್ರವ ಬೇಕು. ಪೊಟ್ಟಣ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ, ತೇವ ಹಿಡಿದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ; ದ್ರವವನ್ನೂ ಆಯಾ ದಿನವೇ ಕಲಸಬೇಕು. ಕ್ರಮ ಹೀಗೆ: ಮಕ್ಕಳನ್ನು ದೂರ ಕಳಿಸಿ ಕಿಟಕಿ ತೆರೆಯುವುದು, ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ, ಮೂಗುಬಾಯಿಗೆ ಮಾಸ್ಕ್, ವಾಂತಿಯ ಮೇಲೆ ಹಳೆಯ ವೃತ್ತಪತ್ರಿಕೆ ಹರಡಿ, ಹೊರಗಿನಿಂದ ಒಳಕ್ಕೆ ಬಳಿದು, ಚೀಲದಲ್ಲಿ ಕಟ್ಟುವುದು, ಆ ಜಾಗವನ್ನೂ ಅದರ ಸುತ್ತ ಒಂದೆರಡು ಮಾರನ್ನೂ ಸೋಪಿನ ನೀರಿನಿಂದ ತೊಳೆಯುವುದು, ಬ್ಲೀಚಿಂಗ್ ದ್ರವ ಹಾಕಿ ಕನಿಷ್ಠ ಐದು ನಿಮಿಷ ಹಸಿಯಾಗಿಯೇ ಬಿಡುವುದು, ಕೊನೆಗೆ ನೀರಿನಿಂದ ತೊಳೆದು, ಬಟ್ಟೆಯನ್ನು ಎಸೆದು, ಕೈಗೆ ಸೋಪು ಹಚ್ಚುವುದು. ಮೊದಲು ಕೊಳೆ ತೆಗೆಯದೆ ಬ್ಲೀಚಿಂಗ್ ಸುರಿದರೆ ಕ್ಲೋರಿನ್ ಕೊಳೆಯ ಮೇಲೇ ವ್ಯಯವಾಗಿ ವೈರಸ್ ತಪ್ಪಿಸಿಕೊಳ್ಳುತ್ತದೆ. ಒಣಪೊರಕೆಯಿಂದ ಗುಡಿಸುವುದು, ಕೊಳೆಬಟ್ಟೆ ಕೊಡವುವುದು ಕಣಗಳನ್ನು ಗಾಳಿಗೆ ಎಬ್ಬಿಸುತ್ತದೆ. ಬ್ಲೀಚಿಂಗ್ ದ್ರವವನ್ನು ಕಕ್ಕಸು ತೊಳೆಯುವ ಆಮ್ಲದ ಜೊತೆ ಎಂದೂ ಬೆರೆಸಬಾರದು. ಹುಟ್ಟುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಬಟ್ಟೆಬರೆಗಳನ್ನು ಮಲ ತೊಳೆದು, ಕುದಿಯುವ ನೀರಿನಲ್ಲಿ ನೆನೆಸಿ, ಉಳಿದವರ ಬಟ್ಟೆಯ ಜೊತೆ ಸೇರಿಸದೆ ಒಗೆದು ಬಿಸಿಲಿಗೆ ಹಾಕಬೇಕು.

ಅಡುಗೆಮನೆ ಮತ್ತು ಕುಡಿಯುವ ನೀರು

ಕೈಯಿಂದ ಕಲಸಿ ಉಣ್ಣುವ, ಹುರಿದ ಮೇಲೆ ಕೈಯಿಂದಲೇ ಕಾಯಿತುರಿ, ಕೊತ್ತಂಬರಿ ಉದುರಿಸುವ ಅಡುಗೆಯಲ್ಲಿ ಬೆಂಕಿಯ ರಕ್ಷಣೆ ಕೊನೆಯ ಹೆಜ್ಜೆಯಲ್ಲಿ ತಪ್ಪಿಹೋಗುತ್ತದೆ. ಕುದಿಸಿದ ಸಾರಿಗಿಂತ ಕೋಸಂಬರಿ, ಹೆಚ್ಚಿಟ್ಟ ಹಣ್ಣು, ಮೊಸರನ್ನಗಳಲ್ಲಿ ಅಪಾಯ ಹೆಚ್ಚು. ಕಾಯಿಲೆಯ ದಿನಗಳಲ್ಲಿ ಬಿಸಿಯಡುಗೆ ಉಣ್ಣುವುದು, ಬಡಿಸಲು ಸೌಟು ಬಳಸುವುದು, ರೋಗಿಯ ತಟ್ಟೆಲೋಟ ಬೇರೆಯಿಡುವುದು ಹೆಚ್ಚು ಶ್ರಮವಿಲ್ಲದ ಕ್ರಮಗಳು. ಕುಡಿಯುವ ನೀರಿನ ಕೊಡಕ್ಕೆ ಎಲ್ಲರೂ ಲೋಟ ಅದ್ದುವ ಬದಲು ನಲ್ಲಿಯಿರುವ ಪಾತ್ರೆ ಅಥವಾ ಉದ್ದ ಹಿಡಿಯ ಸೌಟು ಇರಲಿ. ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವ ಹಳೆಯ ರೂಢಿ ಇಲ್ಲಿ ಒಳ್ಳೆಯದೇ, ಆದರೆ ಲೋಟ ಹಿಡಿದ ಕೈಯನ್ನು ಅದು ಶುದ್ಧ ಮಾಡುವುದಿಲ್ಲ. ನೆರೆಯ ಕೇರಳದ ವಯನಾಡಿನ ಪಶುವೈದ್ಯ ಕಾಲೇಜಿನಲ್ಲಿ 2021ರ ನವೆಂಬರಿನಲ್ಲಿ 13 ವಿದ್ಯಾರ್ಥಿಗಳಲ್ಲಿ ನೋರೋವೈರಸ್ ಪತ್ತೆಯಾಯಿತು. ಹಾಗಾಗಿ ಇದು ಚಳಿದೇಶಗಳ, ಪ್ರವಾಸಿ ಹಡಗುಗಳ ಕಾಯಿಲೆಯೆಂಬ ಎಣಿಕೆ ತಪ್ಪು.

ಆಕ್ಷೇಪಗಳು

ವಾಂತಿ ಕಾಣುವ ಹೊತ್ತಿಗೆ ಮನೆಯವರಿಗೆಲ್ಲ ಸೋಂಕು ತಗಲಿಯೇ ಇರುತ್ತದೆ, ಆಮೇಲಿನ ಶುದ್ಧತೆ ವ್ಯರ್ಥ ಎಂಬುದು ಮೊದಲ ಆಕ್ಷೇಪ. ನಾರ್ವಾಕ್‌ನ ಅಂಕಿಯೇ ಇದಕ್ಕೆ ಉತ್ತರ. ಮನೆಯವರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿ ಕಾಯಿಲೆ ಬೀಳಲಿಲ್ಲ. ಅವರಲ್ಲಿ ಕೆಲವರಿಗೆ ಹಿಂದಿನ ಸೋಂಕಿನಿಂದಲೋ ಹುಟ್ಟಿನಿಂದಲೋ ರಕ್ಷಣೆ ಇದ್ದಿರಬಹುದು. ಹಾಗಿದ್ದರೂ ವೈರಸ್ ಅತಿ ಹೆಚ್ಚು ಹೊರಬೀಳುವುದು ವಾಂತಿಭೇದಿ ಶುರುವಾದ ಮೇಲೆಯೇ ಆದ್ದರಿಂದ ತಡೆಯಬೇಕಾದ ಪಾಲು ಇನ್ನೂ ಮುಂದಿರುತ್ತದೆ. ಎರಡನೆಯ ಆಕ್ಷೇಪ ಸಾಕ್ಷ್ಯದ ಬಗೆಗಿನದು. ಮನುಷ್ಯರ ನೋರೋವೈರಸ್ಸನ್ನು ಪ್ರಯೋಗಾಲಯದಲ್ಲಿ ನೆಚ್ಚುವಂತೆ ಬೆಳೆಸಲು ದಾರಿಯಾದದ್ದು 2016ರಲ್ಲಿ, ಮೇರಿ ಎಸ್ಟೆಸ್ ಅವರ ತಂಡ ಕರುಳಿನ ಕಾಂಡಕೋಶಗಳ ಕೃಷಿ ಬಳಸಿದ ಮೇಲೆ. ಅಲ್ಲಿಯವರೆಗಿನ ಕ್ರಿಮಿನಾಶಕ ಪರೀಕ್ಷೆಗಳು ಇಲಿ, ಬೆಕ್ಕುಗಳ ಸೋದರ ವೈರಸ್‌ಗಳ ಮೇಲೆ ನಡೆದವು, ಇಲ್ಲವೆ ವೈರಸ್ಸಿನ ಜೀನ್ ತುಣುಕನ್ನು ಮಾತ್ರ ಎಣಿಸಿದವು. ಆದ್ದರಿಂದ ಬಾಟಲಿಯ ಮೇಲಿನ ‘ಶೇ. 99.9’ ಬಗೆಯ ಹೇಳಿಕೆಯನ್ನು ಸಂದೇಹದಿಂದ ನೋಡುವುದೇ ಸರಿ. ಆದರೆ ಈ ಸಂದೇಹ ಕೊಲ್ಲುವ ದ್ರವಗಳ ಬಲವನ್ನು ಕುಗ್ಗಿಸುತ್ತದೆಯೇ ಹೊರತು ತೊಳೆಯುವುದರ ಬಲವನ್ನಲ್ಲ. ಕೈಬಿಟ್ಟು ಹೋದ ಕಣ ಜೀವಂತವಿದ್ದರೂ ಸತ್ತಿದ್ದರೂ ಒಂದೇ.

ಅತಿಶುದ್ಧಿಯಿಂದ ಮಕ್ಕಳ ರೋಗನಿರೋಧಕ ಶಕ್ತಿ ಕುಂದುತ್ತದೆ, ಒಮ್ಮೆ ಬಂದು ಹೋದರೆ ಒಳ್ಳೆಯದೇ ಎಂಬ ಮಾತೂ ಉಂಟು. ನೋರೋವೈರಸ್ಸಿನಲ್ಲಿ ತಳಿಗಳು ಹಲವು, ಒಂದರ ರಕ್ಷಣೆ ಇನ್ನೊಂದಕ್ಕೆ ಸಾಲದು, ಇರುವುದೂ ಜೀವಮಾನಪೂರ್ತಿ ಉಳಿಯುವುದಿಲ್ಲ. ರೋಟಾವೈರಸ್ಸಿನ ಮೊದಲ ಸೋಂಕೇ ಸಾಮಾನ್ಯವಾಗಿ ಅತ್ಯಂತ ಉಗ್ರ. ಕೂಸಿಗೂ ಮುದುಕರಿಗೂ ಕೆಲವೇ ಗಂಟೆಗಳ ನೀರಿನ ನಷ್ಟ ಪ್ರಾಣಕ್ಕೆ ಬರಬಹುದಾದ್ದರಿಂದ ಇದು ಮಾಡಿನೋಡುವ ಪರೀಕ್ಷೆಯಲ್ಲ. ಇನ್ನೂ ತೂಕದ ಆಕ್ಷೇಪವೆಂದರೆ ಒಂದೇ ಕೋಣೆ, ಹಂಚಿಕೊಂಡ ಕಕ್ಕಸು, ಎರಡು ದಿನಕ್ಕೊಮ್ಮೆ ನೀರು ಬರುವ ವಠಾರಗಳಲ್ಲಿ ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚದ ಸಲಹೆ ಹಾಸ್ಯಾಸ್ಪದ ಎಂಬುದು. ಇದು ನಿಜ. ಆದ್ಯತೆ ಗೊತ್ತುಮಾಡಿಕೊಳ್ಳುವುದು ಅಲ್ಲಿಯೇ ಹೆಚ್ಚು ಅಗತ್ಯ. ಇರುವ ನೀರಿನಲ್ಲಿ ಮೊದಲ ಪಾಲು ಶೌಚದ ಅನಂತರದ, ಅಡುಗೆಯ ಮುಂಚಿನ ಕೈತೊಳೆತಕ್ಕೆ. ಎರಡನೆಯದು ವಾಂತಿಯ ಜಾಗಕ್ಕೆ. ಇಡೀ ಮನೆ ಒರೆಸುವುದು ಕೊನೆಗೆ. ರೋಗಿಗೆ ಕೋಣೆ ಕೊಡಲಾಗದಿದ್ದರೂ ವಾಂತಿಗೆಂದೇ ಮುಚ್ಚಳದ ಬಕೆಟ್ಟೊಂದನ್ನು ಪಕ್ಕದಲ್ಲಿಡಬಹುದು. ಸಾಧ್ಯವಿದ್ದರೆ ಆರೈಕೆ ಮಾಡುವವರು ಅಡುಗೆಯನ್ನು ಎರಡು ದಿನ ಇನ್ನೊಬ್ಬರಿಗೆ ಬಿಡಬಹುದು. ಇದಕ್ಕೆ ಹಣ ಬೇಡ, ಮನೆಯ ಗಂಡಸರು ಒಲೆಯ ಮುಂದೆ ನಿಂತರೆ ಸಾಕು.

ಲಸಿಕೆ ಮತ್ತು ಮಿತಿ

ಶುದ್ಧತೆಯೊಂದರಿಂದಲೇ ರೋಟಾವೈರಸ್ ನಿಲ್ಲುವುದಿಲ್ಲ. ಶುದ್ಧ ನೀರು, ಒಳ್ಳೆಯ ಮೋರಿಗಳಿರುವ ಶ್ರೀಮಂತ ದೇಶಗಳಲ್ಲೂ ಲಸಿಕೆಗೆ ಮುಂಚೆ ಬಹುತೇಕ ಎಲ್ಲ ಮಕ್ಕಳಿಗೂ ಅದು ತಗಲುತ್ತಿತ್ತು. ಭಾರತದಲ್ಲಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಿಂದ ದೊರೆತ 116ಇ ತಳಿಯಿಂದ ರೊಟಾವ್ಯಾಕ್ ಲಸಿಕೆ ತಯಾರಾಯಿತು. 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆ 2019ರಲ್ಲಿ ದೇಶಾದ್ಯಂತ ವಿಸ್ತರಿಸಿತು. ಮಗುವಿನ 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಗೆ ಹಾಕುವ ಇದು ಉಗ್ರ ಕಾಯಿಲೆಯನ್ನು ಗಣನೀಯವಾಗಿ ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ನೋರೋವೈರಸ್ಸಿಗೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ. ಪ್ರತಿಜೀವಕ ಮಾತ್ರೆಗಳು ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ. ಚಿಕಿತ್ಸೆಯ ತಿರುಳು ಓಆರ್‌ಎಸ್ ಮತ್ತು ಎದೆಹಾಲಿನ ಮುಂದುವರಿಕೆ. ಮಕ್ಕಳಿಗೆ ವೈದ್ಯರ ಸಲಹೆಯಂತೆ ಸತುವಿನ ಮಾತ್ರೆ. ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ಹೊರಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯ ತಡೆಗೆ ಹೀಗೆ ಮಿತಿಯುಂಟು. ಸರಿಯಾಗಿ ಮಾಡಿದ ಮನೆಯಲ್ಲೂ ಎರಡನೆಯವರಿಗೆ ಕಾಯಿಲೆ ಬರಬಹುದು. ಆದರೆ ದೊಡ್ಡ ಕುಟುಂಬದಲ್ಲಿ ಸರಪಳಿ ಎಷ್ಟು ಉದ್ದವಾಗುತ್ತದೆ, ಕೂಸು ಮತ್ತು ವೃದ್ಧರವರೆಗೆ ಮುಟ್ಟುತ್ತದೆಯೇ ಎಂಬುದು ಬಹುಪಾಲು ಮೊದಲ ದಿನದ ಬಚ್ಚಲಲ್ಲೂ, ಚೇತರಿಕೆಯ ಅನಂತರದ ಎರಡು ದಿನಗಳ ಅಡುಗೆಮನೆಯಲ್ಲೂ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಬೇಕಾದ ಸೋಪು, ಹೊಸ ಬ್ಲೀಚಿಂಗ್ ಪುಡಿ, ಓಆರ್‌ಎಸ್ ಪೊಟ್ಟಣಗಳನ್ನು ಕಾಯಿಲೆ ಬರುವ ಮುಂಚೆಯೇ ಮನೆಯಲ್ಲಿಟ್ಟುಕೊಂಡರೆ, ಮಧ್ಯರಾತ್ರಿ ಮೊದಲ ವಾಂತಿಯಾದಾಗ ಅಂಗಡಿ ತೆರೆಯುವುದನ್ನು ಕಾಯಬೇಕಾಗಿಲ್ಲ.